ಆರನೆಯವನು

ಕಾರಿನ ಎಂಜಿನ್ ಆರಿಸಿ ಹತ್ತು ನಿಮಿಷವಾಗಿದ್ದರೂ ಇಮ್ರಿಖ್ ಲೌಕೊ ಕೆಳಗಿಳಿಯಲಿಲ್ಲ. ಗಾಜಿನ ಮೇಲೆ ಅವನ ಉಸಿರೇ ಮಬ್ಬಾಗಿ ಕೂತು, ಎದುರಿಗಿದ್ದ ಐಸ್ ಹಾಕಿ ಕ್ರೀಡಾಂಗಣದ ಹಿಂಬಾಗಿಲು, ಅದರ ಪಕ್ಕ ಗುಡ್ಡೆ ಹಾಕಿದ್ದ ಕೊಳಕು ಹಿಮ, ಗೋಡೆಯ ಮೇಲಿನ 'ಮುಖ್ಯ ಕೋಚ್' ಎಂಬ ಹಳದಿ ಅಕ್ಷರಗಳು ಎಲ್ಲವೂ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಅಳಿಸಿಹೋಗಲಿ ಎಂದು ಸುಮ್ಮನೆ ಕೂತ. ನಿನ್ನೆ ಸಂಜೆ ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ ಆಡಿದ ಒಂದು ವಾಕ್ಯ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಇನ್ನೂ ಕಾಡುತ್ತಿತ್ತು. 'ಅಷ್ಟು ಅನುಭವ ಇರುವ ಆಟಗಾರನಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ.' ಎಷ್ಟು ಹುಡುಕಿದರೂ ಅದರಲ್ಲಿ ಒಂದು ಸುಳ್ಳು ಪದ ಸಿಗುವುದಿಲ್ಲ. ಅನುಭವ ಇದ್ದದ್ದು ನಿಜ, ನಿರೀಕ್ಷಿಸಿರಲಿಲ್ಲ ಎನ್ನುವುದೂ ನಿಜ. ಇಷ್ಟು ಚೊಕ್ಕವಾಗಿ ಸುಳ್ಳು ಹೇಳುವುದನ್ನು ತಾನು ಯಾವಾಗ ಕಲಿತೆ ಎಂದು ಅವನಿಗೇ ಆಶ್ಚರ್ಯವಾಗಿತ್ತು.

ನಡೆದದ್ದು ಇಷ್ಟು. ಎರಡು–ಎರಡು ಸಮ, ಉಳಿದಿದ್ದದ್ದು ಒಂದೂವರೆ ನಿಮಿಷ. ಹಾಗೇ ತಡೆದು ನಿಂತಿದ್ದರೆ ಒಂದು ಅಂಕ ಬರುತ್ತಿತ್ತು, ಆ ಒಂದು ಅಂಕದಲ್ಲಿ ತಂಡ ಈ ವರ್ಷ ಕೆಳದರ್ಜೆಗೆ ಬೀಳುವ ಭಯದಿಂದ ಪಾರಾಗುತ್ತಿತ್ತು. ಐಸ್ ಮೇಲೆ ಗೋಲ್‌ಕೀಪರನನ್ನು ಬಿಟ್ಟು ಐವರಿರಬೇಕು, ಐವರೇ ಇದ್ದರು. ಬೆಂಚಿನ ಹಿಂದೆ ನಿಂತಿದ್ದ ಇಮ್ರಿಖ್‌ಗೆ ಎದುರಾಳಿಗಳು ಆಟದ ರಬ್ಬರ್ ಬಿಲ್ಲೆಯ ಹಿಂದೆ ಬಲಕ್ಕೆ ಒತ್ತರಿಸಿಕೊಂಡು ನುಗ್ಗಿದ್ದು ಕಂಡಿತು. ಎಡಗಡೆ ಅಂಗಳದ ಅಂಚಿಗಿದ್ದ ಹಲಗೆಗೋಡೆಯ ಪಕ್ಕದ ಐಸ್ ಉದ್ದಕ್ಕೂ ಖಾಲಿಯಾಯಿತು. ಆ ಜಾಗ ಅವನದು. ಹತ್ತೊಂಬತ್ತು ವರ್ಷ ಅವನು ಆಡಿದ್ದು ಅಲ್ಲೇ. ತೊಡೆ ತಾನಾಗಿ ಬಿಗಿಯಿತು, ಬಾಯಿ ತಾನಾಗಿ ತೆರೆಯಿತು, 'ಹವ್ರಾ...ನ್!' ಎಂದು ಕೂಗಿದ. ಬೆಂಚಿನ ಮೇಲಿದ್ದ ಕ್ಯಾಪ್ಟನ್ ಟಿಬೊರ್ ಹವ್ರಾನ್ ಹಲಗೆ ಹಾರಿ ಐಸಿಗಿಳಿದ. ಒಬ್ಬ ಹೊರಬಂದ ಮೇಲೆಯೇ ಇನ್ನೊಬ್ಬ ಇಳಿಯಬೇಕು, ಆದರೆ ಒಳಗಿನಿಂದ ಯಾರೂ ಹೊರಬಂದಿರಲಿಲ್ಲ. ಆರು ಜನರಾದರು. ರೆಫರಿ ಕೈಯೆತ್ತಿದ. ಶಿಕ್ಷೆಗೆ ನಾಲ್ವರೇ ಆಡಬೇಕಾಯಿತು, ಮೂವತ್ತೇಳನೆಯ ಸೆಕೆಂಡಿನಲ್ಲಿ ಎದುರಾಳಿಗಳು ಗೋಲು ಹೊಡೆದರು. ನಾಲ್ಕು ಸಾವಿರ ಜನರ ಗದ್ದಲದಲ್ಲಿ ಹೊರಗಿನವರಿಗೆ ಅವನ ಕೂಗು ಕೇಳಿಸಿರಲಿಲ್ಲ. ಬೆಂಚಿನವರಿಗೆ ಕೇಳಿಸಿತ್ತು.

ಬೇರೆ ಯಾವ ಕೋಚ್ ಆಗಿದ್ದರೂ ಬದಲಿ ಆಟಗಾರನನ್ನು ತುಸು ಬೇಗ ಕರೆದುಬಿಟ್ಟೆ ಎಂದು ಒಪ್ಪಿಕೊಂಡು ಮುಗಿಸುತ್ತಿದ್ದ. ಬದಲಿಗಾಗಿ ಕೂಗಿದ್ದರೆ ಇಮ್ರಿಖ್ ಕೂಡ ಹಾಗೆ ಹೇಳುತ್ತಿದ್ದನೇನೋ. ಅವನು ಕೂಗಿದ್ದು ಬಿಲ್ಲೆಗಾಗಿ. ಎಡಗಡೆ ಖಾಲಿ ಇದ್ದೇನೆ, ಬಿಲ್ಲೆಯನ್ನು ಹಿಂದಕ್ಕೆ ಬಿಡು ಎಂದು, ಇಪ್ಪತ್ತನಾಲ್ಕು ವರ್ಷದ ಹಿಂದೆ ಆಟ ಬಿಟ್ಟ ಗೇಜಾ ಹವ್ರಾನ್‌ನನ್ನು, ಟಿಬೊರ್‌ನ ಅಪ್ಪನನ್ನು ಕೂಗಿದ್ದ. ಒಂದು ಕ್ಷಣ ಅವನ ಕೈಯಲ್ಲಿ ಕೋಲಿತ್ತು, ಮೊಣಕಾಲು ನೋಯುತ್ತಿರಲಿಲ್ಲ, ಬಾಯಲ್ಲಿ ಮುಂದಿನ ಎರಡು ಹಲ್ಲು ಇನ್ನೂ ಇದ್ದವು. ಆಮೇಲೆ ರೆಫರಿಯ ಸೀಟಿ, ಮೈಮೇಲೆ ಕೋಟು ಮತ್ತು ಟೈ. ಇದನ್ನು ಯಾರಿಗೆ ಹೇಳುವುದು? ಅಲ್ಲೊಂದು ಇಲ್ಲೊಂದು ಇಂಥದು ನಡೆಯುತ್ತಲೇ ಇತ್ತು. ನವೆಂಬರಿನಲ್ಲಿ ಒಂದು ಸಂಜೆ ಹನ್ನೊಂದು ವರ್ಷದ ಹಿಂದೆ ಖಾಲಿ ಮಾಡಿದ್ದ ಮನೆಯ ಮುಂದೆ ಕಾರು ನಿಲ್ಲಿಸಿ, ಮೂರನೆಯ ಮಹಡಿಗೆ ಹತ್ತಿ, ಕೀಲಿ ತಿರುಗದಿದ್ದಾಗ ಬೀಗವನ್ನೇ ಬೈದಿದ್ದ. ಬಾಗಿಲು ತೆರೆದ ಹೆಂಗಸು ಅವನ ಗುರುತು ಹಿಡಿದು, ಒಳಗೆ ಕರೆದು, ಗಂಡನಿಗಾಗಿ ಹಸ್ತಾಕ್ಷರ ತೆಗೆದುಕೊಂಡಳು. ಅಭಿಮಾನಿಯ ಮನೆಗೆ ತಾನಾಗಿ ಬಂದ ದೊಡ್ಡ ಮನುಷ್ಯನಂತೆ ನಗುತ್ತಾ ಮೆಟ್ಟಿಲಿಳಿದು, ಕಾರಿನಲ್ಲಿ ಕೂತ ಮೇಲೆ ಈಗಿನ ಮನೆಯ ವಿಳಾಸವನ್ನು ಬಾಯಿಬಿಟ್ಟು ಹೇಳಿಕೊಂಡಿದ್ದ.

ತಲೆಗೆ ಬಿದ್ದ ಪೆಟ್ಟುಗಳಿಗೆ ಆಗಿನ ಕಾಲದಲ್ಲಿ ಯಾರೂ ಲೆಕ್ಕ ಇಟ್ಟಿರಲಿಲ್ಲ. ಹಲಗೆಗೆ ಹಣೆ ಬಡಿದು ಬಿದ್ದರೆ ಡಾಕ್ಟರು ಬೆಂಚಿನ ಮೇಲೆ ಕೂರಿಸಿ ಇವತ್ತು ಯಾವ ವಾರ ಎಂದು ಕೇಳುತ್ತಿದ್ದರು, ಡಾಕ್ಟರ ಬೆನ್ನ ಹಿಂದೆ ನಿಂತ ಗೇಜಾ ತುಟಿ ಅಲ್ಲಾಡಿಸಿ 'ಗುರುವಾರ' ಎಂದು ತೋರಿಸುತ್ತಿದ್ದ. ಇಮ್ರಿಖ್ ಗುರುವಾರ ಎನ್ನುತ್ತಿದ್ದ. ಡಾಕ್ಟರು ಬೆನ್ನು ತಟ್ಟಿ ಕಳಿಸುತ್ತಿದ್ದರು. ಒಂದು ಸಲ ಗೇಜಾ ತಮಾಷೆಗೆ ಭಾನುವಾರ ಎಂದು ತೋರಿಸಿ, ಇಡೀ ತಂಡ ಬಿದ್ದು ಬಿದ್ದು ನಕ್ಕಿತ್ತು. ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಹೆಂಡತಿ ಎತೆಲಾ ಗಸಗಸೆ ರೋಲನ್ನು ತಟ್ಟೆಯಲ್ಲಿಟ್ಟು, ಪತ್ರಿಕೆಯನ್ನು ಮಡಿಸಿ ಅದರ ಮೇಲೆ ತನ್ನ ಬಟ್ಟಲನ್ನಿಟ್ಟಿದ್ದಳು, ತಲೆಬರಹ ಅವನಿಗೆ ಕಾಣಬಾರದೆಂದು. ಅವನು ಬಾಗಿಲಿನಲ್ಲೇ ನೋಡಿಬಿಟ್ಟಿದ್ದ: ಕ್ಯಾಪ್ಟನ್ ಮುಳುಗಿಸಿದ.

"ಟಿಬೊರ್ ಅಷ್ಟು ದಡ್ಡ ಅಲ್ಲ," ಎಂದಳು ಎತೆಲಾ.

"ಯಾರೂ ದಡ್ಡ ಅನ್ಲಿಲ್ಲ."

"ನೀನು ಅಂದೆ. ಟೀವೀಲಿ ನೋಡ್ದೆ ನಾನು. ಅನ್ನುವಾಗ ಕಿವಿ ಮುಟ್ಕೊಂಡೆ. ನನ್ನ ಹತ್ರ ಸುಳ್ಳು ಹೇಳುವಾಗ್ಲೂ ಹಾಗೇ ಮಾಡ್ತೀಯ."

ಅವನು ರೋಲನ್ನು ಅರ್ಧ ತಿಂದು ಎದ್ದುಬಿಟ್ಟ. ನಲವತ್ತು ವರ್ಷ ಜೊತೆಗಿದ್ದವಳ ಕಣ್ಣಿನೆದುರು ಮನುಷ್ಯನಿಗೆ ಒಂದು ಕಿವಿಯೂ ಸ್ವಂತದ್ದಾಗಿ ಉಳಿಯುವುದಿಲ್ಲ.

ಹತ್ತು ಗಂಟೆಗೆ ಮೇಲೆ ಮ್ಯಾನೇಜರ್ ಜೆಲೆನಾಯ್ ಕೋಣೆಗೆ ಹೋಗಬೇಕಿತ್ತು. ಈ ಋತುವಿನ ಆಟಗಾರರ ವರ್ಗಾವಣೆ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಟಿಬೊರ್‌ನನ್ನು ಲೇಹೊತಾದ ಮೂರನೆಯ ದರ್ಜೆಯ ತಂಡಕ್ಕೆ ಕಳಿಸುವ ಕಾಗದಕ್ಕೆ ಕೋಚ್ ರುಜು ಹಾಕಬೇಕು. ಲೇಹೊತಾದಲ್ಲಿ ಅಂಗಳಕ್ಕೆ ಸರಿಯಾದ ಮಾಡೂ ಇಲ್ಲ. ಮೂವತ್ತಮೂರು ವರ್ಷದ, ಸವೆದ ಮೊಣಕಾಲಿನ ಆಟಗಾರ ಜನವರಿಯಲ್ಲಿ ಅಲ್ಲಿಗೆ ಹೋದರೆ ವಾಪಸು ಬರುವುದಿಲ್ಲ. ಹದಿಮೂರು ವರ್ಷ ಈ ಊರಿಗೆ ಆಡಿದವನ ಹೆಸರು ಎತ್ತಿದಾಗಲೆಲ್ಲ ಇನ್ನು ಮುಂದೆ ಜನರಿಗೆ ನೆನಪಾಗುವುದು ಆ ಒಂದು ಹಾರುವಿಕೆ ಮಾತ್ರ. ನಿಜ ಹೇಳಿದರೆ ಅವನು ಉಳಿಯುತ್ತಾನೆ. ಆದರೆ ಅರ್ಧ ನಿಜ ಹೇಳಿ ಸಾಲದು, ಯಾರನ್ನು ಕರೆದೆ ಎಂದೂ ಹೇಳಬೇಕು. ಇದು ಯಾವ ವರ್ಷ ಎಂದು ನಡುವೆ ನಡುವೆ ಮರೆಯುವ ಕೋಚನ್ನು ಯಾವ ತಂಡವೂ ಇಟ್ಟುಕೊಳ್ಳುವುದಿಲ್ಲ. ಕೋಚ್ ಅಲ್ಲದ ಇಮ್ರಿಖ್ ಲೌಕೊ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂಬುದು ಇಮ್ರಿಖ್ ಲೌಕೊಗೇ ತಿಳಿದಿರಲಿಲ್ಲ.

ಕೊನೆಗೆ ಚಳಿ ತಡೆಯಲಾರದೆ ಇಳಿದ.

ಒಳಗೆ ಗೇಜಾ ಐಸ್ ಗಾಡಿಯಲ್ಲಿ ಕೂತು ಅಂಗಳವನ್ನು ಹೆರೆದು, ಬಿಸಿನೀರು ಹಾಯಿಸಿ ನಯ ಮಾಡುತ್ತಿದ್ದ. ಆಟ ಬಿಟ್ಟ ಮೇಲೆ ಅವನು ಮಾಡಿದ ಕೆಲಸ ಇದೊಂದೇ. ಮಾಡಿನ ಕೆಳಗೆ ಗೌರವಕ್ಕೆಂದು ತೂಗುಹಾಕಿದ್ದ ತನ್ನದೇ ಹದಿನೇಳನೆಯ ನಂಬರಿನ ಅಂಗಿಯ ಅಡಿಯಲ್ಲಿ ದಿನಕ್ಕೆ ಎಂಟು ಸಲ ಗಾಡಿ ಓಡಿಸುತ್ತಾನೆ, ತಲೆಯೆತ್ತಿ ನೋಡುವುದಿಲ್ಲ. ಇಮ್ರಿಖ್ ಹಾಗಿರಲಾರದೆ ಹೋದ. ಆಟ ಮುಗಿದ ಮರುವರ್ಷವೇ ಪೋಲೆಂಡಿನ ಒಂದು ಗಣಿಯೂರಿನಲ್ಲಿ ಕೋಚ್ ಆಗಿ ಸೇರಿದ, ಮೂರೇ ತಿಂಗಳಲ್ಲಿ ಕಳಿಸಿದರು. ಹಂಗೇರಿಯಲ್ಲಿ ಎರಡು ವರ್ಷ, ಅಲ್ಲಿನ ಆಟಗಾರರು ಅವನ ಉಚ್ಚಾರಣೆಯನ್ನು ಅಣಕಿಸಿ ನಗುತ್ತಿದ್ದದ್ದು ಸ್ನಾನದ ಕೋಣೆಯ ಗೋಡೆಯಾಚೆ ಕೇಳುತ್ತಿತ್ತು. ಇನ್ನೊಂದು ಕಡೆ ಪೆಟ್ರೋಲ್ ಬಂಕಿನಲ್ಲಿ ನಳಿಕೆ ಹಿಡಿದು ನಿಂತಿದ್ದಾಗ ಫೋನ್ ಬಂತು, ನಾಳೆಯಿಂದ ಬರಬೇಡಿ ಎಂದು. ಟ್ಯಾಂಕ್ ತುಂಬಿ ಪೆಟ್ರೋಲ್ ಷೂ ಮೇಲೆ ಚೆಲ್ಲಿತು, ಮನೆ ತಲುಪುವವರೆಗೂ ಆ ವಾಸನೆ ಇತ್ತು. ಪ್ರತಿ ಸಲವೂ ಗೇಜಾನಿಗೆ ಫೋನ್ ಮಾಡುತ್ತಿದ್ದ. ಪ್ರತಿ ಸಲವೂ ಅವನು 'ಬಾರೋ, ಇನ್ನೊಂದು ಗಾಡಿ ತರಿಸ್ತೀನಿ' ಎನ್ನುತ್ತಿದ್ದ. ಎಂಟು ವರ್ಷದ ಹಿಂದೆ ಈ ಊರೇ ಕರೆದಾಗ ಇಮ್ರಿಖ್ ಅತ್ತಿದ್ದನ್ನು ಎತೆಲಾ ಒಬ್ಬಳೇ ನೋಡಿದ್ದಳು.

ಗಾಡಿ ಹಲಗೆಯ ಪಕ್ಕ ಬಂದು ನಿಂತಿತು. ಗೇಜಾ ಫ್ಲಾಸ್ಕಿನ ಮುಚ್ಚಳಕ್ಕೆ ನಿಂಬೆ ಹಾಕಿದ ಟೀ ಬಗ್ಗಿಸಿ ಚಾಚಿದ.

"ಏನೋ, ಕಾರಲ್ಲೇ ಮೊಟ್ಟೆ ಇಡ್ತಾ ಕೂತಿದ್ಯಾ? ಕಿಟಕಿಯಿಂದ ನೋಡ್ತಾನೇ ಇದೀನಿ."

"ಫೋನಲ್ಲಿದ್ದೆ."

"ಫೋನು ಕಿವಿಗಿಟ್ಕೊಂಡು ಮಾತಾಡೋದಪ್ಪ. ನೀನು ಸ್ಟೀರಿಂಗ್ ಹತ್ರ ಮಾತಾಡ್ತಿದ್ದೆ."

ಇಮ್ರಿಖ್ ಟೀ ಕುಡಿದ. ಬಿಸಿ ನಾಲಿಗೆಯನ್ನು ಸುಟ್ಟರೂ ಕುಡಿಯುತ್ತಲೇ ಹೋದ, ಮುಚ್ಚಳ ಬಾಯಿಯ ಹತ್ತಿರ ಇರುವಷ್ಟು ಹೊತ್ತು ಮಾತನಾಡಬೇಕಾಗಿರಲಿಲ್ಲ.

"ನಂಗೆ ಕೇಳಿಸ್ತು," ಎಂದ ಗೇಜಾ.

"ಏನು?"

"ನಾಟಕ ಆಡ್ಬೇಡ ಕಣೋ. ಬೆಂಚಿನ ಪಕ್ಕದ ಗೇಟಿನ ಹತ್ರಾನೇ ಗಾಡಿ ಮೇಲೆ ಕೂತಿದ್ದೆ. ನೀನು ಕೂಗಿದ್ದೇ ತಡ, ನನ್ನ ಬಲಗೈ ತಾನೇ ತಾನಾಗಿ ಹಿಂದಕ್ಕೆ ಹೋಯ್ತು, ಬಿಲ್ಲೆ ಬಿಡೋ ಹಾಗೆ. ಗಾಡೀಲಿ ಯಾವ ಬಿಲ್ಲೆ? ಸಂದೀಲಿದ್ದ ಬಕೆಟ್ ಉರುಳ್ತು." ನಕ್ಕ. ಆಮೇಲೆ ನಗು ನಿಲ್ಲಿಸಿ ಕೈಗವಸು ಬಿಚ್ಚಿದ. "ಚೆನ್ನಾಗಿತ್ತು ಕಣೋ. ಸುಳ್ಳು ಯಾಕೆ ಹೇಳ್ಲಿ. ಆ ಕೂಗು ಕೇಳಿ ಎಷ್ಟು ವರ್ಷ ಆಗಿತ್ತು. ಆಮೇಲೆ ನೋಡಿದ್ರೆ ನನ್ನ ಮಗ ಐಸ್ ಮೇಲಿದಾನೆ."

ಇಮ್ರಿಖ್‌ಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ನಯವಾದ ಅಂಗಳದ ಮೇಲೆ ನೀರು ಹೆಪ್ಪುಗಟ್ಟುವುದನ್ನು ನೋಡುತ್ತಾ ನಿಂತ.

"ಎಲ್ರಿಗೂ ಹೇಳ್ಬಹುದಿತ್ತಲ್ಲ ನೀನು," ಎಂದ.

"ನಾನು ಹೇಳಿದ್ರೆ ಅಪ್ಪ ಮಗನ ಪರ ವಾದ ಮಾಡ್ತಾನೆ ಅಂತಾರೆ. ಬೆಂಚಲ್ಲಿ ಆಗಿದ್ದು ಬೆಂಚಲ್ಲೇ ಇರ್ಬೇಕು ಅಂತ ಅವ್ನಿಗೆ ಕಲಿಸಿದ್ದೂ ನಾನೇ. ನಿನ್ನೆ ಮನೇಲಿ ಊಟಕ್ಕೆ ಕೂತಾಗ ಕೇಳ್ದೆ, ಕೋಚ್ ಕರೆದ್ರೇನೋ ಅಂತ. ಸೂಪು ಕುಡೀತಾ 'ಗೊತ್ತಿಲ್ಲಪ್ಪ' ಅಂದ. ಅಷ್ಟೇ. ಒಂದು ಮಾತು ನಿನ್ನ ವಿರುದ್ಧ ಬರ್ಲಿಲ್ಲ ಅವ್ನ ಬಾಯಲ್ಲಿ." ಗೇಜಾ ಉಳಿದ ಟೀಯನ್ನು ಐಸ್ ಮೇಲೆ ಚೆಲ್ಲಿದ, ಹಳದಿ ಕಲೆಯಾಯಿತು, ತನ್ನ ಕೆಲಸವನ್ನು ತಾನೇ ಕೆಡಿಸಿದ್ದಕ್ಕೆ ಗೊಣಗಿಕೊಂಡ. "ಆದ್ರೂ ನಂಗೆ ಒಂದು ಅರ್ಥ ಆಗಿಲ್ಲ ಇಮ್ರೊ. ಅವ್ನು ಯಾಕೆ ಹಾರ್ದ? ಬದಲಿ ಆಟಗಾರನ್ನ ಕೂಗೋ ದನಿ ಅದಲ್ಲ. ಅವ್ನ ಎಡಕ್ಕೆ ಬಲಕ್ಕೆ ಕೂತೋರು ಅಲ್ಲಾಡ್ಲಿಲ್ಲ. ಹೊರಗೆ ಯಾರು ಬರ್ತಿದಾರೆ ಅಂತ ಹತ್ತು ವರ್ಷದ ಮಕ್ಕಳೂ ನೋಡ್ತಾರೆ. ಇವ್ನು ನೋಡ್ಲೇ ಇಲ್ಲ. ನಂಗೆ ನಾಚಿಕೆ ಆಯ್ತು."

ಅದನ್ನೇ ಇಮ್ರಿಖ್ ತನಗೆ ತಾನು ಹೇಳಿಕೊಳ್ಳುತ್ತಾ ಬಂದಿದ್ದ. ನಾನು ಕೂಗಿರಬಹುದು, ಆದರೆ ಅವನು ನೋಡಬೇಕಿತ್ತು. ಉಳಿದಿಬ್ಬರು ನೋಡಿದರು, ಕೂತೇ ಇದ್ದರು. ಇದನ್ನು ಗೇಜಾನ ಬಾಯಲ್ಲೇ ಕೇಳಿದಾಗ ಒಂದು ಕ್ಷಣ ಹಗುರವಾಯಿತು. ಹಗುರವಾದದ್ದಕ್ಕೆ ಮರುಕ್ಷಣವೇ ಅಸಹ್ಯವೂ ಆಯಿತು.

"ಹೇಳ್ತೀಯಾ ಮೇಲೆ?" ಎಂದು ಗೇಜಾ ಕೇಳಿದ.

"ಹೇಳಿದ್ರೆ ಏನಾಗತ್ತೆ ಗೊತ್ತಲ್ಲ."

"ಗೊತ್ತು." ಗೇಜಾ ಗಾಡಿಯನ್ನು ಚಾಲೂ ಮಾಡಿದ. ಸದ್ದಿನ ನಡುವೆ ಮತ್ತೇನೋ ಹೇಳಿದ, ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಎನ್ನುವ ಮನಸ್ಸು ಇಮ್ರಿಖ್‌ಗೂ ಆಗಲಿಲ್ಲ.

ಡ್ರೆಸ್ಸಿಂಗ್ ರೂಮಿನ ಬಾಗಿಲು ತೆರೆದಾಗ ಮಾತು ನಿಂತಿತು. ಹಿಂದೆ ಮಾತು ನಿಲ್ಲುತ್ತಿದ್ದದ್ದು ಹೆದರಿಕೆಯಿಂದ, ಅದರಲ್ಲಿ ಅವನಿಗೆ ಒಂದು ಬಗೆಯ ಸುಖವಿತ್ತು. ಇವತ್ತು ನಿಂತದ್ದು ಮನೆಗೆ ಬೇಡದ ನೆಂಟ ಬಂದಾಗ ನಿಲ್ಲುವ ಹಾಗೆ. "ನಮಸ್ಕಾರ ಕೋಚ್," ಎಂದರು ಎಲ್ಲರೂ, ಒಂದೇ ಅಳತೆಯ ಮರ್ಯಾದೆಯಲ್ಲಿ. ಬೆವರು, ಹಳೆಯ ಚರ್ಮ, ಮುಲಾಮು, ಯಾರದೋ ಬೆಳ್ಳುಳ್ಳಿ ಸಾಸೇಜು ಎಲ್ಲ ಕಲೆತ ವಾಸನೆ. ಗೋಡೆಯ ಬಿಳಿ ಹಲಗೆಯಲ್ಲಿ ಬರೆದಿದ್ದ ಅಂಗಳದ ಚಿತ್ರದ ಮೇಲೆ ಯಾರೋ ನೀಲಿ ಅಯಸ್ಕಾಂತದ ಗುಂಡಿಗಳನ್ನು ಜೋಡಿಸಿದ್ದರು. ಐದು ಇರಬೇಕಾದಲ್ಲಿ ಆರು. ಅವನು ಹಲಗೆಯ ಮುಂದೆ ನಿಂತು ಒಂದನ್ನು ತೆಗೆಯಲು ಕೈಯೆತ್ತಿದ. ಯಾವುದನ್ನು ತೆಗೆಯಬೇಕೆಂದು ತಿಳಿಯಲಿಲ್ಲ. ಹಿಂದೆ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಕೈಯನ್ನು ಹಾಗೇ ಇಳಿಸಿ ಕೋಟಿನ ಜೇಬಿಗೆ ತುರುಕಿಕೊಂಡ. ಯಾರೋ ಮೂಗಿನಲ್ಲಿ ನಕ್ಕರು, ಇನ್ಯಾರೋ ಅವನನ್ನು ಮೊಣಕೈಯಲ್ಲಿ ತಿವಿದರು. ಸಹಾಯಕ ಕೋಚ್ ಕರೋಲ್ ಬಾಗಿಲ ಬಳಿ ನಿಂತು ತನ್ನ ಷೂ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ, ನಿನ್ನೆ ಪಕ್ಕದಲ್ಲೇ ನಿಂತಿದ್ದ, ಎಲ್ಲ ಕೇಳಿದ್ದ, ಯಾರಿಗೂ ಹೇಳಿರಲಿಲ್ಲ. ಈ ಒಳ್ಳೆಯತನ ಎಷ್ಟು ದಿನ ಬಾಳುತ್ತದೆ, ಕೋಚ್ ಜಾಗ ಖಾಲಿಯಾಗುವವರೆಗೆ ತಾನೇ ಎಂದು ಇಮ್ರಿಖ್ ಅಂದುಕೊಂಡ. ಆಮೇಲೆ ಕರೋಲ್‌ನ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ಅವನಿಗೇ ಬೇಸರವಾಯಿತು.

ಟಿಬೊರ್ ಮೂಲೆಯಲ್ಲಿ ಕೂತು ಕೋಲಿನ ತುದಿಗೆ ಕಪ್ಪು ಪಟ್ಟಿ ಸುತ್ತುತ್ತಿದ್ದ. ಕೋಲು ಬಾಗುವ ಮೂಲೆಯಿಂದ ಶುರು ಮಾಡಿ ತುದಿಯವರೆಗೆ, ಎಲ್ಲೂ ಸುಕ್ಕು ಬಾರದ ಹಾಗೆ, ಅವರಪ್ಪ ಸುತ್ತುತ್ತಿದ್ದಂತೆಯೇ. ಚಿಕ್ಕವನಿದ್ದಾಗ ಅವನು ಇಮ್ರೊ ಮಾಮ ಎನ್ನುತ್ತಿದ್ದ, ತೋಳಿಗೆ ಜೋತು ಬೀಳುತ್ತಿದ್ದ. ಇಮ್ರಿಖ್ ಕೋಚ್ ಆಗಿ ಬಂದ ಮೊದಲ ದಿನವೇ ಅವನು ಎಲ್ಲರೆದುರು 'ನೀವು' ಎಂದ; ಅದು ಸರಿಯಾಗಿಯೇ ಇತ್ತು, ಹಾಗೆಯೇ ಆಗಬೇಕು. ಆದರೆ ಮೊದಮೊದಲು ಕಾರಿನಲ್ಲಿ, ಗೇಜಾನ ಮನೆಯ ಊಟದ ಮೇಜಿನಲ್ಲಿ ಉಳಿದಿದ್ದ ಮಾಮ ಕ್ರಮೇಣ ಅಲ್ಲಿಂದಲೂ ಹೋಗಿಬಿಟ್ಟಿತು. ತಪ್ಪು ಇಮ್ರಿಖ್‌ನದೇ. ಗೆಳೆಯನ ಮಗನಿಗೆ ಒಲಿದ ಎನ್ನಬಾರದೆಂದು ಬೇರೆಯವರನ್ನು ಹೊಗಳುವ ಕಡೆ ಅವನಿಗೆ ಬರೀ ತಲೆಯಾಡಿಸುತ್ತಿದ್ದ, ಬೇರೆಯವರನ್ನು ಒಂದು ಸಲ ಬೈಯುವ ಕಡೆ ಅವನನ್ನು ಎರಡು ಸಲ ಬೈಯುತ್ತಿದ್ದ. ಟಿಬೊರ್ ಹ್ಯಾಟ್ರಿಕ್ ಹೊಡೆದು ಬಂದ ಸಂಜೆಯೂ 'ನಿಮ್ಮಪ್ಪ ಆಗಿದ್ದರೆ ನಾಲ್ಕನೆಯದನ್ನೂ ಹೊಡೀತಿದ್ದ' ಎಂದಿದ್ದ. ತಮಾಷೆ ಎಂದುಕೊಂಡು ಹೇಳಿದ್ದು. ಟಿಬೊರ್ ನಕ್ಕಿದ್ದ ಕೂಡ.

"ಹತ್ತು ಗಂಟೆಗೆ ಮೇಲೆ ಬರ್ಬೇಕಂತೆ," ಎಂದ ಟಿಬೊರ್, ಪಟ್ಟಿಯಿಂದ ಕಣ್ಣು ತೆಗೆಯದೆ.

"ಹೌದು."

"ಸ್ಕೇಟ್ಸ್ ಹಾಕ್ಕೊಂಡಿರ್ಲಾ, ಬೇಡ್ವಾ?"

ಇವತ್ತು ಅಭ್ಯಾಸವಿದೆಯೋ ಇಲ್ಲ ಮನೆಗೆ ಹೋಗಬೇಕೋ ಎಂದು ಅದರ ಅರ್ಥ. ಅದಕ್ಕಿಂತ ಮರ್ಯಾದೆಯಾಗಿ ಆ ಪ್ರಶ್ನೆಯನ್ನು ಕೇಳಲು ಸಾಧ್ಯವಿರಲಿಲ್ಲ. ಹಾಕಿಕೊ ಎನ್ನಲು ಬಾಯಿ ತೆರೆದ ಇಮ್ರಿಖ್, "ನಿನ್ನಿಷ್ಟ," ಎಂದು ಹೊರಬಂದ. ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡಿತು. ತಿರುವಿನಲ್ಲಿ ನಿಂತು, ಕಂಬಿಗೆ ಒರಗಿ, ನಾನು ಹೇಡಿ ಎಂದುಕೊಂಡ. ಅದೇನು ಹೊಸ ಸಂಗತಿಯಲ್ಲ, ಆದರೆ ಇಷ್ಟು ಸ್ಪಷ್ಟವಾಗಿ ಯಾವತ್ತೂ ಅಂದುಕೊಂಡಿರಲಿಲ್ಲ.

ಜೆಲೆನಾಯ್ ಎದ್ದು ನಿಂತು ಕೈಕುಲುಕಿದ. ಊರಿನಲ್ಲಿ ಬಾಯ್ಲರ್ ಅಂಗಡಿ ಇಟ್ಟುಕೊಂಡಿದ್ದ, ನಲವತ್ತೈದರ, ಒಂದು ದಿನವೂ ಸ್ಕೇಟ್ಸ್ ಕಟ್ಟದ ಮನುಷ್ಯ. ಇಮ್ರಿಖ್ ಆಡುತ್ತಿದ್ದ ಕಾಲದಲ್ಲಿ ಸ್ಟ್ಯಾಂಡಿನಲ್ಲಿ ನಿಂತು ಅವನ ಹೆಸರನ್ನು ಕೂಗಿದ್ದನಂತೆ. ಅದನ್ನು ಭೇಟಿಯಾದಾಗಲೆಲ್ಲ ನೆನಪಿಸುತ್ತಿದ್ದ, ಇವತ್ತು ನೆನಪಿಸಲಿಲ್ಲ.

"ಕೂತ್ಕೊಳ್ಳಿ ಇಮ್ರಿಖ್ ಅವ್ರೆ. ನೀವೇನೂ ಮಾತಾಡ್ಬೇಕಿಲ್ಲ, ಅವ್ನಿಗೆ ನಾನೇ ಹೇಳ್ತೀನಿ. ಹೊರಗೆ ಬಂದು ಕೂತಿರ್ತಾನೆ ಈಗ. ಇಲ್ಲೊಂದು ರುಜು, ಕೆಳಗೊಂದು."

ಕಾಗದ ಮೇಜಿನ ಮೇಲಿತ್ತು. ಟಿಬೊರ್ ಹವ್ರಾನ್ ಎಂಬ ಹೆಸರು ದಪ್ಪಕ್ಷರದಲ್ಲಿ. ಇಮ್ರಿಖ್ ಪೆನ್ನು ತೆಗೆದುಕೊಂಡ. ಅದರ ಮೇಲೆ ಬಾಯ್ಲರ್ ಕಂಪನಿಯ ಹೆಸರಿತ್ತು. ಸುಸ್ತಾಗಿತ್ತು. ನಿದ್ದೆ ಇಲ್ಲದ್ದರ ಸುಸ್ತಲ್ಲ, ಇಪ್ಪತ್ತನಾಲ್ಕು ವರ್ಷ ಬೇರೆಯವರು ಆಡುವುದನ್ನು ನಿಂತು ನೋಡಿದ ಸುಸ್ತು. ರುಜು ಹಾಕಿದರೆ ಹನ್ನೊಂದಕ್ಕೆ ಅಭ್ಯಾಸ, ಒಂದಕ್ಕೆ ಹುಳಿಕೋಸಿನ ಸೂಪು, ನಾಳೆ ಮತ್ತೆ ಬೆಳಿಗ್ಗೆ. ಎಲ್ಲರಿಗೂ ಮರೆಯುತ್ತದೆ. ತನಗೂ ಮರೆಯಬಹುದು, ಇತ್ತೀಚೆಗೆ ಎಷ್ಟೆಲ್ಲ ಮರೆಯುತ್ತಿದೆ. ಆ ಯೋಚನೆ ಬಂದ ಕೂಡಲೇ ಪೆನ್ನು ಕಾಗದದ ಮೇಲೆ ನಿಂತಿತು. ಮರೆತುಬಿಟ್ಟರೆ? ಒಂದು ದಿನ ಯಾರಾದರೂ ಕೇಳಿದಾಗ, ಹೌದು, ಆ ಹುಡುಗ ತಾನಾಗಿ ಹಾರಿಬಿಟ್ಟ ಎಂದು ತಾನು ಮನಸಾರೆ ನಂಬಿ ಹೇಳಿದರೆ? ಆಗ ನಿಜ ಗೊತ್ತಿದ್ದವನು ತನ್ನ ಒಳಗೂ ಒಬ್ಬ ಉಳಿದಿರುವುದಿಲ್ಲ.

"ಅವ್ನು ತಾನಾಗಿ ಹಾರ್ಲಿಲ್ಲ," ಎಂದ. "ನಾನು ಕೂಗ್ದೆ."

ಜೆಲೆನಾಯ್ ತಕ್ಷಣ ಬಾಗಿಲ ಕಡೆ ನೋಡಿದ. "ಬದಲಿಗೆ ಕರೆದ್ರಾ? ಸ್ವಲ್ಪ ಮುಂಚೆ ಕರೆದ್ರಿ, ಅಷ್ಟೇ ತಾನೇ? ಹೋಗ್ಲಿ ಬಿಡಿ, ಅದು ಈ ಕೋಣೇಲೇ ಇರ್ಲಿ. ಆದ್ರೂ ನೋಡಿ ಇಳೀಬೇಕಾದ್ದು ಅವ್ನ ಕೆಲಸ. ನೀವೇ ಹೇಳಿದ್ರಲ್ಲ ನಿನ್ನೆ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಹೇಳಿದ ಹಾಗೂ ಆಯಿತು, ಏನೂ ಕೆಟ್ಟ ಹಾಗೂ ಆಗಲಿಲ್ಲ. ಜೆಲೆನಾಯ್ ಕುರ್ಚಿ ಎಳೆದುಕೊಟ್ಟಷ್ಟು ಸಲೀಸಾಗಿ ದಾರಿ ಮಾಡಿಕೊಟ್ಟಿದ್ದ, ಕೂತರೆ ಸಾಕು. ಕಾಗದ ಮಾತ್ರ ಹಾಗೇ ಇತ್ತು.

"ಬದಲಿಗೆ ಕರೀಲಿಲ್ಲ. ಬಿಲ್ಲೆ ಕೇಳ್ದೆ."

"ಯಾರ್ನ?"

"ಅವರಪ್ಪನ್ನ."

"ಗೇಜಾನ? ಅವ್ರು ಗಾಡಿ ಮೇಲಿದ್ರಲ್ಲ..."

"ಹೌದು. ನಾನೂ ಬೆಂಚಲ್ಲಿದ್ದೆ. ಆದ್ರೆ ನಂಗೆ ಹಾಗನ್ನಿಸ್ಲಿಲ್ಲ. ಎಡಗಡೆ ಖಾಲಿ ಇತ್ತು. ನಾನು ಆಡ್ತಾ ಇದ್ದೆ."

ಜೆಲೆನಾಯ್ ನಕ್ಕ. ಇಮ್ರಿಖ್ ನಗಲಿಲ್ಲ. ಆ ನಗು ಜೆಲೆನಾಯ್ ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿತ್ತು.

"ಇದು ಮೊದಲನೇ ಸಲನಾ?"

"ಬೆಂಚಲ್ಲಿ ಮೊದಲನೇ ಸಲ."

"ಬೆಂಚಿನ ಹೊರಗೆ?"

ಇಮ್ರಿಖ್ ಕಿವಿಯ ಕಡೆಗೆ ಹೋಗುತ್ತಿದ್ದ ತನ್ನ ಕೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. ಜೆಲೆನಾಯ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅಂಥ ಕೆಟ್ಟವನೂ ಅಲ್ಲ. ನಿಜವಾಗಿ ನೊಂದಿದ್ದ, ಅದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ಇಂದಿನ ಅಭ್ಯಾಸವನ್ನು ಕರೋಲ್ ನೋಡಿಕೊಳ್ಳಲಿ ಎಂದ. ಇಂದಿನದು, ಮುಂದಿನದು. ಡಾಕ್ಟರಿಗೆ ತೋರಿಸಿ, ಆರೋಗ್ಯದ ಕಾರಣ ಅಂತ ಪತ್ರಿಕೆಗೆ ಕೊಡೋಣ, ನಿಮ್ಮ ಮರ್ಯಾದೆ ನಮ್ಮ ಮರ್ಯಾದೆ ಎಂದ. ಇಮ್ರಿಖ್ ಕೇಳಿಸಿಕೊಂಡ. ಪೆಟ್ರೋಲ್ ಬಂಕಿಗಿಂತ ಇದು ಎಷ್ಟೋ ವಾಸಿ.

"ಆರೋಗ್ಯ ಅಂತ ಬೇಡ," ಎಂದ. ಕಾಗದವನ್ನು ತಿರುಗಿಸಿ ಅದರ ಬೆನ್ನಿಗೆ, ಬಾಯ್ಲರ್ ಕಂಪನಿಯ ಪೆನ್ನಿನಲ್ಲಿ, ನಿಧಾನವಾಗಿ ಬರೆದ: 'ಹವ್ರಾನ್ ಐಸಿಗಿಳಿದದ್ದು ನನ್ನ ಕೂಗಿಗೆ. ತಪ್ಪು ಪೂರ್ತಿ ನನ್ನದು.' ಕೆಳಗೆ ರುಜು ಹಾಕಿದ. ದಿನಾಂಕ ಬರೆಯುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದ. ಜೆಲೆನಾಯ್ ಅದನ್ನು ಗಮನಿಸಿದ. ಗಮನಿಸಲಿ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಟಿಬೊರ್ ಕೂತಿದ್ದ. ಸ್ಕೇಟ್ಸ್ ಹಾಕಿಕೊಂಡೇ ಬಂದಿದ್ದ, ಅಲಗಿಗೆ ರಬ್ಬರಿನ ಕವಚ ತೊಡಿಸಿ ಅಷ್ಟೂ ಮೆಟ್ಟಿಲು ಹತ್ತಿದ್ದ. ಬಾಗಿಲು ತೆಳುವಾದ ಹಲಗೆಯದು. ಒಳಗಿನ ಮಾತು ಒಂದೂ ಬಿಡದೆ ಕೇಳಿಸಿದೆ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಇಮ್ರಿಖ್ ಅವನ ಪಕ್ಕದಲ್ಲಿ ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು.

"ನೀನು ಹೋಗ್ಬೇಕಿಲ್ಲ ಎಲ್ಲಿಗೂ," ಎಂದ.

"ಕೇಳಿಸ್ತು."

"ನಿನ್ನೆ ಟೀವೀಲಿ ಹಾಗಂದಿದ್ದು..."

"ಬಿಡಿ ಕೋಚ್." ಟಿಬೊರ್ ಹೆಲ್ಮೆಟನ್ನು ಮಡಿಲಲ್ಲಿ ತಿರುಗಿಸುತ್ತಿದ್ದ. "ಪೂರ್ತಿ ನಿಮ್ಮದಲ್ಲ ಆ ತಪ್ಪು."

"ನೀನು ನೋಡ್ಬೇಕಿತ್ತು, ನಿಜ. ಆದ್ರೂ..."

"ನೋಡ್ಬೇಕಿತ್ತು ಅಂತಲ್ಲ. ನಂಗೆ ಗೊತ್ತಿತ್ತು. ಅದು ಬದಲಿಗೆ ಕೂಗಿದ್ದಲ್ಲ, ನಂಗೆ ಕೂಗಿದ್ದೂ ಅಲ್ಲ ಅಂತ ಗೊತ್ತಿತ್ತು. ಆ ಕೂಗು ನಂಗೆ ಗೊತ್ತಿಲ್ವಾ? ಐದು ವರ್ಷದೋನಿದ್ದಾಗಿಂದ ಸ್ಟ್ಯಾಂಡಲ್ಲಿ ಅಮ್ಮನ ಪಕ್ಕ ಕೂತು ಕೇಳಿದೀನಿ. ನೀವು ಹಾಗೆ ಕೂಗಿದ್ರೆ ಅಪ್ಪ ತಿರುಗಿ ನೋಡ್ದೇನೇ ಬಿಲ್ಲೆ ಬಿಡ್ತಿದ್ರು. ಮನೇಲಿ ಒಬ್ನೇ ಇದ್ದಾಗ ಕನ್ನಡಿ ಮುಂದೆ ನಿಂತು ನಿಮ್ಮ ಹಾಗೆ ಕೂಗೋನು ನಾನು. ಕೂಗಿ, ನನ್ನನ್ನೇ ಕರೆದ ಹಾಗೆ ನಾನೇ ತಿರುಗೋನು." ಹೆಲ್ಮೆಟ್ ನಿಂತಿತು. "ಎಂಟು ವರ್ಷ ಆಯ್ತು ನಿಮ್ಮ ಕೈಕೆಳಗೆ. ದಿನಾ ಹವ್ರಾನ್ ಹವ್ರಾನ್ ಅಂತೀರ. ಒಂದ್ಸಲನೂ ಹಾಗೆ ಕರೆದಿರ್ಲಿಲ್ಲ. ನಿನ್ನೆ ಕಿವಿಗೆ ಬಿತ್ತು. ಇಳಿದುಬಿಟ್ಟೆ."

"ಇದನ್ನ ನಿನ್ನೇನೇ ಯಾಕೆ ಹೇಳ್ಲಿಲ್ಲ?" ಎಂದ ಇಮ್ರಿಖ್, ಕೇಳಬಾರದ ಪ್ರಶ್ನೆ ಎಂದು ಗೊತ್ತಿದ್ದೂ.

"ಏನಂತ ಹೇಳ್ಲಿ? ಮೂವತ್ಮೂರು ವರ್ಷದ ಗಂಡಸು, ಅಪ್ಪನ್ನ ಕರೆದ್ರೆ ನಾನು ಓಡ್ಬಂದೆ ಅಂತಾನಾ?"

ಕೆಳಗೆ ಕರೋಲ್ ಸೀಟಿ ಊದಿದ. ಟಿಬೊರ್ ಎದ್ದು, ಕಂಬಿ ಹಿಡಿದು, ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ರಬ್ಬರಿನ ಸದ್ದು ತಿರುವಿನವರೆಗೆ ಕೇಳಿಸಿತು. ಇಮ್ರಿಖ್‌ಗೆ ಅವನನ್ನು ಕರೆಯಬೇಕೆನಿಸಿತು, ಬಾಯಿಯೂ ತೆರೆಯಿತು. ಯಾವ ಹೆಸರಿನಿಂದ ಎಂದು ತಿಳಿಯಲಿಲ್ಲ.